ನೆಲದ ಬೆಲೆ, ನಡೆಯುವ ಕಾರ್ಖಾನೆಯ ಬೆಲೆ



ಭೂಸ್ವಾಧೀನ ಎಂದ ಕೂಡಲೆ ನಮ್ಮ ಕಣ್ಣೆದುರು ನಿಲ್ಲುವುದು ರೈತನ ಹೊಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಧರಣಿ ಕೂತರು. ಕೊನೆಗೆ 2025ರ ಜುಲೈಯಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಟ್ಟಿತು. ಆ ಹೋರಾಟ ನಮ್ಮ ನೆನಪಿನಲ್ಲಿ ಇರಬೇಕಾದದ್ದೇ. ಆದರೆ ಕಾರ್ಖಾನೆ ಕಟ್ಟಲೆಂದು ಹೊಲವನ್ನು ಪಡೆಯುವುದು ಒಂದಾದರೆ, ಆಗಲೇ ಕಾರ್ಖಾನೆ ನಡೆಯುತ್ತಿರುವ ನೆಲವನ್ನು ರಸ್ತೆಗೋ, ಮೆಟ್ರೋಗೋ, ಜೋಡಿ ರೈಲುಮಾರ್ಗಕ್ಕೋ, ಫ್ಲೈಓವರಿನ ಕಂಬಕ್ಕೋ ಪಡೆಯುವುದು ಇನ್ನೊಂದು. ಈ ಎರಡನೆಯದರ ಬಗ್ಗೆ ನಾವು ಮಾತಾಡಿದ್ದು ತೀರ ಕಡಿಮೆ. ಅಂಥ ನೆಲಕ್ಕೆ ಪರಿಹಾರ ನಿಗದಿ ಮಾಡುವಾಗ ಏನನ್ನು ಅಳೆಯಬೇಕು, ಈಗ ಏನನ್ನು ಅಳೆಯುತ್ತಿದ್ದೇವೆ ಎಂಬುದೇ ಇವತ್ತಿನ ವಿಷಯ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮಣ್ಣಿಗೆ ಬೆಲೆ ಕಟ್ಟುವ ಅಭ್ಯಾಸ ನಮ್ಮ ಕಾನೂನಿಗೆ ನೂರಮೂವತ್ತು ವರ್ಷಗಳಿಂದ ಇದೆ. ನಡೆಯುವ ಕಾರ್ಖಾನೆಗೆ ಬೆಲೆ ಕಟ್ಟಲು ಬೇಕಾದ ಅಧಿಕಾರವನ್ನೂ ಅದೇ ಕಾನೂನು ಅಧಿಕಾರಿಯ ಕೈಗೆ ಕೊಟ್ಟಿದೆ. ಆ ಅಧಿಕಾರ ಕಡತದೊಳಗೆ ಮಲಗಿರುತ್ತದೆ. ಅದರ ನಷ್ಟವನ್ನು ಹೊರುವವರು ಹತ್ತು ಹದಿನೈದು ಜನರನ್ನು ಇಟ್ಟುಕೊಂಡು ದುಡಿಯುವ ಘಟಕಗಳು, ಬಾಡಿಗೆ ಶೆಡ್ಡಿನಲ್ಲಿ ನಡೆಯುವ ವರ್ಕ್‌ಶಾಪುಗಳು, ಅಲ್ಲಿನ ಕೆಲಸಗಾರರು.

ಇಪ್ಪತ್ತು ಗುಂಟೆಯ ಒಂದು ಘಟಕವನ್ನು ಊಹಿಸಿಕೊಳ್ಳಿ. ಯಾವ ಕೈಗಾರಿಕಾ ಪ್ರದೇಶದಲ್ಲಿ ಬೇಕಾದರೂ ಇರಲಿ. ಮುಂದೆ ಗೇಟು, ಗೇಟಿನ ಪಕ್ಕ ಟ್ರಾನ್ಸ್‌ಫಾರ್ಮರ್, ಲಾರಿ ಒಳಬಂದು ತಿರುಗಿ ಸರಕು ಇಳಿಸುವಷ್ಟು ಅಂಗಳ. ಹಿಂದೆ ಶೆಡ್ಡು. ಒಳಗೆ ಲೇತುಗಳು, ಆಳವಾದ ಕಾಂಕ್ರೀಟ್ ತಳಪಾಯದ ಮೇಲೆ ಕೂತ ಪವರ್ ಪ್ರೆಸ್ಸು, ಕಂಪ್ರೆಸರ್. ರಸ್ತೆ ಅಗಲೀಕರಣಕ್ಕೆ ಮುಂಭಾಗದ ಐದು ಗುಂಟೆ ಬೇಕಾಗುತ್ತದೆ. ಜಂಟಿ ಅಳತೆಗೆ ಸರ್ವೆಯರು ಬರುತ್ತಾರೆ, ಮಹಜರು ಆಗುತ್ತದೆ. ಪರಿಹಾರ ನಿಗದಿ ಮಾಡುವ ಐತೀರ್ಪು ಕೈಗೆ ಬಂದಾಗ ಅದರಲ್ಲಿ ಇರುವುದು ಐದು ಗುಂಟೆಗೆ ಮಾರ್ಗಸೂಚಿ ದರದ ಲೆಕ್ಕ, ಕಾಂಪೌಂಡು ಗೋಡೆಗೆ ಲೋಕೋಪಯೋಗಿ ದರದಲ್ಲಿ ಸವಕಳಿ ಕಳೆದ ಮೊತ್ತ, ಎರಡು ತೆಂಗಿನ ಮರಕ್ಕೆ ತೋಟಗಾರಿಕೆ ಇಲಾಖೆ ಕಟ್ಟಿದ ಬೆಲೆ. ಅಲ್ಲಿಗೆ ಮುಗಿಯಿತು.

ಹೋದದ್ದು ಐದು ಗುಂಟೆ ಮಾತ್ರವೇ? ಲಾರಿ ಒಳಗೆ ತಿರುಗಲು ಜಾಗವಿಲ್ಲ, ಸರಕನ್ನು ರಸ್ತೆಯಲ್ಲೇ ಇಳಿಸಬೇಕು. ಟ್ರಾನ್ಸ್‌ಫಾರ್ಮರನ್ನು ಹಿಂದಕ್ಕೆ ಸರಿಸಬೇಕು. ಅದಕ್ಕೆ ವಿದ್ಯುತ್ ಕಂಪನಿಗೆ ಹಣ ಕಟ್ಟಬೇಕು, ಸರಿಸುವವರೆಗೆ ಯಂತ್ರ ನಿಲ್ಲಿಸಬೇಕು. ಶೆಡ್ಡಿನ ಮುಂದೆ ಬಿಡಬೇಕಾದ ತೆರವು ಈಗ ಉಳಿದಿಲ್ಲ, ಹಾಗಾಗಿ ಪರವಾನಗಿ ನವೀಕರಣದ ವೇಳೆ ತೊಡಕು. ಶೆಡ್ಡನ್ನು ಹಿಂದಕ್ಕೆ ಜರುಗಿಸೋಣ ಎಂದರೆ ಪ್ರೆಸ್ಸಿನ ತಳಪಾಯ ಒಡೆಯಬೇಕು. ಗಾಡಿಯ ಒಂದು ಚಕ್ರವನ್ನು ಕೊಂಡುಕೊಂಡು ಆ ಚಕ್ರದ ಬೆಲೆಯನ್ನಷ್ಟೇ ಕೊಟ್ಟು ಹೋದಂತಾಯಿತು. ಉಳಿದ ಹದಿನೈದು ಗುಂಟೆ ಪಹಣಿಯಲ್ಲಿ ಮಾಲೀಕರ ಹೆಸರಿನಲ್ಲೇ ಇದೆ. ಕಾರ್ಖಾನೆ ಮಾತ್ರ ಉಳಿದಿಲ್ಲ.

ಕಾನೂನು ಇದನ್ನು ಕಾಣದೆ ಇರಲಿಲ್ಲ. 1894ರ ಭೂಸ್ವಾಧೀನ ಕಾಯ್ದೆಯ 49ನೇ ಕಲಮಿನಲ್ಲಿ ಮನೆಯ ಜೊತೆಗೆ ಕಾರ್ಖಾನೆಯನ್ನೂ ಹೆಸರು ಹಿಡಿದು ಸೇರಿಸಿದ್ದರು. ಮನೆ, ಕಾರ್ಖಾನೆ ಅಥವಾ ಕಟ್ಟಡದ ಒಂದು ಭಾಗವನ್ನು ಮಾತ್ರ ತೆಗೆದುಕೊಳ್ಳುವಾಗ ಮಾಲೀಕ ಬಯಸಿದರೆ ಇಡೀ ಆಸ್ತಿಯನ್ನೇ ತೆಗೆದುಕೊಳ್ಳಬೇಕು. ಹೋಗುತ್ತಿರುವ ತುಂಡು ಕಾರ್ಖಾನೆಯ ಭಾಗವೇ ಅಲ್ಲವೆ ಎಂಬ ತಕರಾರು ಬಂದರೆ, ಕಾರ್ಖಾನೆಯ ಪೂರ್ಣ, ಕುಂದಿಲ್ಲದ ಬಳಕೆಗೆ ಅದು ಬೇಕಿತ್ತೇ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಅದರ ಬದಲಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯ 94ನೇ ಕಲಂ ಇದನ್ನೇ ಮುಂದುವರಿಸಿದೆ. ಲಾರಿ ತಿರುಗುವ ಅಂಗಳ ಕಾರ್ಖಾನೆಯ ಪೂರ್ಣ ಬಳಕೆಗೆ ಬೇಕೇ ಬೇಡವೇ ಎಂಬುದಕ್ಕೆ ಕಾನೂನು ಪಂಡಿತರು ಬೇಕಿಲ್ಲ. ಲಾರಿ ಡ್ರೈವರನ್ನು ಕೇಳಿದರೆ ಸಾಕು. ಆದರೂ ನೋಟಿಸು ಪಡೆದ ಎಷ್ಟು ಮಂದಿಗೆ ತಮಗೆ ಈ ಹಕ್ಕಿದೆ ಎಂದು ಗೊತ್ತು? ನೋಟಿಸಿನಲ್ಲೇ ಈ ಹಕ್ಕನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ಸರ್ಕಾರಕ್ಕೆ ಭಾರವೇನಲ್ಲ.

ಇನ್ನು ಬೆಲೆಯ ಮಾತು. ಮಾರುಕಟ್ಟೆ ಮೌಲ್ಯ ಎಂದರೆ ಮಾರಲೇಬೇಕೆಂಬ ಒತ್ತಡವಿಲ್ಲದ ಮಾರಾಟಗಾರ, ಕೊಳ್ಳಲೇಬೇಕೆಂಬ ಆತುರವಿಲ್ಲದ ಖರೀದಿದಾರ, ಇವರಿಬ್ಬರು ಒಪ್ಪುವ ಬೆಲೆ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಇಲ್ಲಿ ಒಂದು ಹಳೆಯ ಪ್ರಕರಣವನ್ನು ನೆನೆಯಬೇಕು, ಏಕೆಂದರೆ ಕೈಗಾರಿಕಾ ನೆಲದ ಎಲ್ಲ ವಾದಗಳ ಬೇರು ಅಲ್ಲಿದೆ. ವಿಶಾಖಪಟ್ಟಣದ ಬಂದರು ಕಟ್ಟುತ್ತಿದ್ದ ಕಾಲ. ಮಲೇರಿಯಾ ತಡೆಯುವ ಕೆಲಸಕ್ಕೆಂದು ಬಂದರಿನ ಬದಿಯ ಜಮೀನನ್ನು ಸ್ವಾಧೀನ ಮಾಡಿದರು. ಆ ಜಮೀನಿನಲ್ಲಿ ಒಳ್ಳೆಯ ಕುಡಿಯುವ ನೀರಿನ ಬುಗ್ಗೆ ಇತ್ತು. ಬಂದರು ಬೆಳೆದರೆ, ಸುತ್ತ ಉದ್ಯಮಗಳು ಬಂದರೆ ಈ ನೀರಿಗೆ ಬೆಲೆ ಬರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಜಮೀನುದಾರರು ಕೇಳಿದರು. ಆ ನೀರಿಗೆ ಇರುವ ಗಿರಾಕಿ ಬಂದರು ಆಡಳಿತ ಒಂದೇ, ಸ್ವಾಧೀನ ಮಾಡುತ್ತಿರುವುದೂ ಅದಕ್ಕಾಗಿಯೇ, ಹಾಗಿರುವಾಗ ಪೈಪೋಟಿ ಎಲ್ಲಿಯದು ಎಂಬುದು ಎದುರು ವಾದ. 1939ರಲ್ಲಿ, ಆಗಿನ ಅಂತಿಮ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲಿನ ಲಾರ್ಡ್ ರೋಮರ್ ಆ ವಾದವನ್ನು ಒಪ್ಪಲಿಲ್ಲ. ನೆಲ ಇಂದು ಹೇಗಿದೆ ಎಂಬುದರ ಜೊತೆಗೆ ಅದು ಏನಾಗಬಲ್ಲದು ಎಂಬುದಕ್ಕೂ ಬೆಲೆಯಿದೆ. ಕೊಳ್ಳುವವನು ಒಬ್ಬನೇ ಇದ್ದಾನೆ, ಅವನೇ ಕಿತ್ತುಕೊಳ್ಳುವವನೂ ಆಗಿದ್ದಾನೆ ಎಂಬ ಕಾರಣಕ್ಕೆ ಆ ಬೆಲೆ ಇಲ್ಲವಾಗುವುದಿಲ್ಲ. ಗಜಪತಿರಾಜು ಪ್ರಕರಣ ಎಂದೇ ವಕೀಲರಿಗೆಲ್ಲ ಪರಿಚಿತವಾದ ಈ ತೀರ್ಪು ಇಂದಿಗೂ ಉಲ್ಲೇಖವಾಗುತ್ತಿದೆ.

ಈ ಉದಾರ ತತ್ತ್ವ ಕಚೇರಿಯ ಮೇಜಿಗೆ ಬರುವಾಗ ಸೊರಗುತ್ತದೆ. 2013ರ ಕಾಯ್ದೆಯ 26ನೇ ಕಲಮಿನ ಪ್ರಕಾರ ಮೂರರಲ್ಲಿ ಹೆಚ್ಚಿನದು ಮಾರುಕಟ್ಟೆ ಮೌಲ್ಯವಾಗುತ್ತದೆ: ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ನಿಗದಿ ಮಾಡಿದ ದರ, ಸಮೀಪದ ಅದೇ ಬಗೆಯ ಜಮೀನುಗಳ ಸರಾಸರಿ ಕ್ರಯದ ಬೆಲೆ, ಖಾಸಗಿ ಕಂಪನಿ ಅಥವಾ ಸರ್ಕಾರಿ-ಖಾಸಗಿ ಪಾಲುದಾರಿಕೆಯ ಯೋಜನೆಯಾದರೆ ಒಪ್ಪಿಗೆಯಾದ ಮೊತ್ತ. ಸರಾಸರಿ ತೆಗೆಯುವಾಗ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಮಾತ್ರ ಪರಿಗಣಿಸಬೇಕು. ಕಾಗದದ ಮೇಲೆ ಒಳ್ಳೆಯ ಸೂತ್ರ. ಹೊಲಕ್ಕೆ ಅದು ಒಂದು ಮಟ್ಟಿಗೆ ಹೊಂದುತ್ತದೆ. ಆದರೆ ಕೈಗಾರಿಕಾ ನಿವೇಶನಗಳು ಪದೇ ಪದೇ ಮಾರಾಟವಾಗುವ ವಸ್ತುವಲ್ಲ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಂಚಿದ ನಿವೇಶನಗಳು ಗುತ್ತಿಗೆಯ ಷರತ್ತಿನಲ್ಲಿರುತ್ತವೆ; ಮೂರು ವರ್ಷದಲ್ಲಿ ಒಂದೆರಡು ಕ್ರಯಪತ್ರ ಸಿಕ್ಕರೆ ಹೆಚ್ಚು. ಸಿಕ್ಕವುಗಳಲ್ಲೂ ಮುದ್ರಾಂಕ ಶುಲ್ಕ ಉಳಿಸಲು ಬೆಲೆ ಇಳಿಸಿ ತೋರಿಸುವ ಚಾಳಿ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ಅಧಿಕಾರಿಯ ಬೆರಳು ಹೋಗಿ ನಿಲ್ಲುವುದು ಮಾರ್ಗಸೂಚಿ ದರದ ಪಟ್ಟಿಯ ಮೇಲೆ. ಮುದ್ರಾಂಕ ಶುಲ್ಕಕ್ಕೆಂದು ಇಟ್ಟ ಬೆಲೆಯ ಪುಸ್ತಕ ಮಾರುಕಟ್ಟೆ ಮೌಲ್ಯಕ್ಕೆ ಆಧಾರವಾಗಲಾರದು ಎಂದು ಸುಪ್ರೀಂ ಕೋರ್ಟು 1994ರಲ್ಲಿ, ಅದಿಲಾಬಾದಿನಿಂದ ಬಂದ ಜವಾಜಿ ನಾಗನಾಥಂ ಪ್ರಕರಣದಲ್ಲಿ ಹೇಳಿತ್ತು. 2013ರ ಕಾಯ್ದೆ ಅದನ್ನು ಕನಿಷ್ಠ ಬೆಲೆಯಾಗಿ ಒಳಗೆ ತಂದಿತು. ಇದಕ್ಕಿಂತ ಕಡಿಮೆ ಕೊಡಬೇಡಿ ಎಂದು ಹಾಕಿದ ಗೆರೆ, ಇದಕ್ಕಿಂತ ಹೆಚ್ಚು ಕೊಡಬೇಡಿ ಎಂಬಂತೆ ಬಳಕೆಯಾಗುತ್ತಿದೆ.

ಅಧಿಕಾರಿಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಪಟ್ಟಿಯಲ್ಲಿರುವ ದರ ಕೊಟ್ಟರೆ ಯಾರೂ ಪ್ರಶ್ನಿಸುವುದಿಲ್ಲ. ಒಂದು ರೂಪಾಯಿ ಹೆಚ್ಚು ಕೊಟ್ಟರೆ ಆಡಿಟ್ ಆಕ್ಷೇಪಣೆ, ವಿಚಾರಣೆ, ನಿವೃತ್ತಿಯಾದ ಮೇಲೂ ಬಿಡದ ಕಡತ. ಕಡಿಮೆ ಕೊಟ್ಟ ಅಧಿಕಾರಿಗೆ ಶಿಕ್ಷೆಯಾದದ್ದನ್ನು ಕೇಳಿದ್ದೀರಾ? ಈ ಭಯವನ್ನು ತೆಗೆಯದೆ ನ್ಯಾಯವಾದ ಐತೀರ್ಪನ್ನು ನಿರೀಕ್ಷಿಸುವುದು ತಪ್ಪು.

ದೊಡ್ಡ ವಿಸ್ತೀರ್ಣಕ್ಕೆ ಸಣ್ಣ ನಿವೇಶನದ ದರ ಕೊಡಲಾಗದು ಎಂಬುದೊಂದು ನಿಯಮವಿದೆ. ರಸ್ತೆ, ಚರಂಡಿಗೆ ಜಾಗ ಬಿಡಬೇಕು, ಅಭಿವೃದ್ಧಿಗೆ ಹಣ ಹಾಕಬೇಕು, ಆದ್ದರಿಂದ ಕಡಿತ. 1988ರ ಚಿಮನ್‌ಲಾಲ್ ಹರಗೋವಿಂದದಾಸ್ ತೀರ್ಪಿನಲ್ಲಿ ಜಮೀನಿನ ಅನುಕೂಲ ಪ್ರತಿಕೂಲಗಳನ್ನು ತೂಗುವ ಬಗೆಯನ್ನು ವಿವರವಾಗಿ ಹೇಳಿದ್ದಾರೆ, ಕಡಿತವನ್ನೂ ಅಲ್ಲಿ ಚರ್ಚಿಸಿದ್ದಾರೆ. ಆದರೆ ಇಡೀ ಜಮೀನು ಒಂದೇ ಕಾರ್ಖಾನೆಗೆ ಬಳಕೆಯಾಗುವಾಗ ಈ ಕಡಿತಕ್ಕೆ ಏನು ಆಧಾರ? ಹರಿಯಾಣದ ಶಾಹಬಾದಿನ ಸಕ್ಕರೆ ಕಾರ್ಖಾನೆಗಾಗಿ ತೆಗೆದುಕೊಂಡ ಜಮೀನಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಗಮನಿಸಿ ಕಡಿತವನ್ನು ಶೇಕಡ 10ಕ್ಕೆ ಇಳಿಸಿತು. ಈಗಾಗಲೇ ರಸ್ತೆ, ಚರಂಡಿ, ವಿದ್ಯುತ್ತು ಬಂದಿರುವ ಕೈಗಾರಿಕಾ ಪ್ರದೇಶದಲ್ಲಂತೂ ಅಭಿವೃದ್ಧಿಯ ಹೆಸರಿನ ಕಡಿತ ನಿಲ್ಲಲಾರದು.

ಯಂತ್ರಗಳ ವಿಷಯ ಇದಕ್ಕಿಂತ ಜಟಿಲ. ಈ ಬಗ್ಗೆ ನಮ್ಮ ಸುಪ್ರೀಂ ಕೋರ್ಟು 1966ರಲ್ಲೇ ನೇರವಾಗಿ ಯೋಚಿಸಿತ್ತು. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಎಂಬಲ್ಲಿ ಸೀಸ ಮತ್ತು ಸತುವಿನ ಗಣಿಗಳಿವೆ. ಅಲ್ಲಿನ ಉದ್ಯಮ ಮೆಟಲ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಕಂಪನಿಯ ಕೈಲಿತ್ತು. 1965ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದು ಇಡೀ ಉದ್ಯಮವನ್ನು ವಹಿಸಿಕೊಂಡಿತು. ಇಂದಿನ ಹಿಂದೂಸ್ತಾನ್ ಜಿಂಕ್ ಹುಟ್ಟಿದ್ದು ಅಲ್ಲಿಂದ. ಆ ಕಾಯ್ದೆಯಲ್ಲಿ ಬೆಲೆ ಕಟ್ಟುವ ಸೂತ್ರ ಹೀಗಿತ್ತು: ಇನ್ನೂ ಬಳಸದ ಯಂತ್ರಕ್ಕೆ ಕೊಂಡ ಬೆಲೆ, ಬಳಸಿದ ಯಂತ್ರಕ್ಕೆ ಆದಾಯ ತೆರಿಗೆ ಲೆಕ್ಕದಲ್ಲಿ ಸವಕಳಿ ಕಳೆದು ಉಳಿದ ಮೌಲ್ಯ. ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರ ಪೀಠ ಇದನ್ನು ತಳ್ಳಿಹಾಕಿತು. ಕೊಂಡ ದಿನದಿಂದ ಇಂದಿನವರೆಗೆ ಯಂತ್ರದ ಬೆಲೆ ಏರಿರಬಹುದು. ತೆರಿಗೆಯ ಸವಕಳಿ ತೆರಿಗೆಗಾಗಿ ಮಾಡಿಕೊಂಡ ಏರ್ಪಾಡು. ಯಂತ್ರದ ನಿಜವಾದ ಬೆಲೆಯನ್ನು ಅದು ಹೇಳುವುದಿಲ್ಲ.

ಇದು ಎಷ್ಟು ದೊಡ್ಡ ಮಾತು ಎಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. ಹತ್ತು ಲಕ್ಷಕ್ಕೆ ಕೊಂಡ ಯಂತ್ರಕ್ಕೆ ವರ್ಷಕ್ಕೆ ಶೇಕಡ 15ರಂತೆ ಸವಕಳಿ ಕಳೆಯುತ್ತ ಹೋದರೆ ಹತ್ತು ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಎರಡು ಲಕ್ಷಕ್ಕೂ ಕೊಂಚ ಕಡಿಮೆ. ಕೊಯಮತ್ತೂರಿನಲ್ಲೋ ರಾಜ್‌ಕೋಟಿನಲ್ಲೋ ತಯಾರಾದ ಒಳ್ಳೆಯ ಲೇತು ಎಣ್ಣೆ ಕಾಣುತ್ತಿದ್ದರೆ ಇಪ್ಪತ್ತೈದು ವರ್ಷ ದುಡಿಯುತ್ತದೆ. ಹತ್ತು ವರ್ಷದ ಲೇತನ್ನು ಎರಡು ಲಕ್ಷಕ್ಕೆ ಕೊಟ್ಟು, ಅದೇ ಕೆಲಸ ಮಾಡುವ ಇನ್ನೊಂದನ್ನು ಅಷ್ಟೇ ಹಣಕ್ಕೆ ತರುವುದು ಯಾರಿಂದಲೂ ಆಗದು.

ಜಾವರ್ ತೀರ್ಪು ಬಹಳ ಕಾಲ ಬಾಳಲಿಲ್ಲ. 1969ರಲ್ಲಿ ಗುಜರಾತಿನ ಶಾಂತಿಲಾಲ್ ಮಂಗಲದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಅದನ್ನು ರದ್ದುಪಡಿಸಿತು. ಮರುವರ್ಷ ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣದಲ್ಲಿ ನ್ಯಾಯಾಲಯ ಮತ್ತೆ ಇತ್ತ ವಾಲಿತು. ಉದ್ಯಮದ ಗುಡ್‌ವಿಲ್ಲನ್ನು ಲೆಕ್ಕದಿಂದ ಬಿಟ್ಟದ್ದು ಸರಿಯಲ್ಲ ಎಂದಿತು. ಆಮೇಲೆ ಸಂವಿಧಾನದ ತಿದ್ದುಪಡಿಗಳು ಬಂದವು. 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳಿಂದ ಹೊರಬಂದು 300ಎ ವಿಧಿಯಲ್ಲಿ ನೆಲೆ ಕಂಡಿತು. ಪರಿಹಾರದ ಕತೆ ಅಲ್ಲಿಗೆ ಮುಗಿಯಿತೆಂದು ಅನೇಕರು ತಿಳಿದಿದ್ದರು. ಅದನ್ನು ಮತ್ತೆ ತೆರೆದದ್ದು ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟು. ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾ ರಾಣಿ ದಂಪತಿಯ ಆ ತೋಟವನ್ನು ರಾಜ್ಯ ಸರ್ಕಾರ 1996ರ ವಿಶೇಷ ಕಾಯ್ದೆಯಿಂದ ವಹಿಸಿಕೊಂಡಾಗ, ಅದನ್ನು ಕೊಂಡಿದ್ದಾಗಿ ಹೇಳಿದ ಕೆ.ಟಿ. ಪ್ಲಾಂಟೇಷನ್ಸ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2011ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 300ಎ ವಿಧಿಯೊಳಗೇ ಪರಿಹಾರದ ಹಕ್ಕು ಅಡಗಿದೆ, ಕಣ್ಣೊರೆಸುವ ಮೊತ್ತ ಸಾಲದು ಎಂದೂ ಹೇಳಿತು. ಕಾರ್ಖಾನೆಯ ಪರವಾಗಿ ವಾದಿಸುವವರು ಜಾವರ್‌ನ ತರ್ಕವನ್ನು ತಾತಗುಣಿಯ ಬಾಗಿಲಿನಿಂದ ಮತ್ತೆ ಒಳತರಬಹುದು ಎಂದು ನನ್ನ ದೃಢ ಅಭಿಪ್ರಾಯ.

2013ರ ಕಾಯ್ದೆ ಅದಕ್ಕೆ ದಾರಿ ಮಾಡಿದೆ. ಕಟ್ಟಡಕ್ಕೂ ನೆಲಕ್ಕೆ ಅಂಟಿದ ಆಸ್ತಿಗೂ ಬೆಲೆ ಕಟ್ಟಲು ಸಮರ್ಥ ಎಂಜಿನಿಯರ್ ಅಥವಾ ಆಯಾ ಕ್ಷೇತ್ರದ ತಜ್ಞರ ನೆರವು ಪಡೆಯಬಹುದು ಎನ್ನುತ್ತದೆ 29ನೇ ಕಲಂ. ಮರಕ್ಕೆ ತೋಟಗಾರಿಕೆ ಇಲಾಖೆಯವರನ್ನು ಕರೆಸುತ್ತೇವೆ, ಗೋಡೆಗೆ ಲೋಕೋಪಯೋಗಿ ಎಂಜಿನಿಯರನ್ನು ಕರೆಸುತ್ತೇವೆ. ಕುಲುಮೆಗೆ, ಯಂತ್ರದ ತಳಪಾಯಕ್ಕೆ, ಕೇಬಲ್ ಕಾಲುವೆಗೆ ಯಂತ್ರಶಾಸ್ತ್ರ ಬಲ್ಲ ಮೌಲ್ಯಮಾಪಕರನ್ನು ಏಕೆ ಕರೆಸಬಾರದು? ಕಾಯ್ದೆಯ ಮೊದಲ ಅನುಸೂಚಿಯಂತೆ ಶೇಕಡ 100ರ ಸೊಲೇಷಿಯಂ, ಎಂದರೆ ಬಲವಂತದ ಸ್ವಾಧೀನಕ್ಕಾಗಿ ಸೇರಿಸಿ ಕೊಡುವ ಹೆಚ್ಚುವರಿ ಹಣ, ಬರುವುದು ನೆಲದ ಬೆಲೆಯ ಮೇಲೆ ಮಾತ್ರವಲ್ಲ, ಅದಕ್ಕೆ ಅಂಟಿದ ಆಸ್ತಿಯ ಬೆಲೆಯನ್ನೂ ಕೂಡಿಸಿ. ಆದ್ದರಿಂದ ಮಹಜರಿನಲ್ಲಿ ಬಿಟ್ಟುಹೋದ ಒಂದು ಲಕ್ಷದ ತಳಪಾಯ ಮಾಲೀಕನಿಗೆ ಎರಡು ಲಕ್ಷದ ನಷ್ಟ. ಕಿತ್ತು ಒಯ್ಯಬಹುದಾದ ಯಂತ್ರವಾದರೆ ಅದರ ಬೆಲೆ ಬರುವುದಿಲ್ಲ, ಸಾಗಿಸುವ, ಮತ್ತೆ ಕೂರಿಸುವ ಖರ್ಚು ಬರಬೇಕು. ಯಾವುದು ಕೀಳಬಹುದಾದದ್ದು, ಯಾವುದು ಕಿತ್ತರೆ ಗುಜರಿಯಾಗುವಂಥದ್ದು ಎಂಬ ವಿಂಗಡಣೆ ಮಹಜರಿನ ದಿನವೇ ಆಗಬೇಕು.

ಇನ್ನೂ ದೊಡ್ಡ ಕಂದಕ ಇರುವುದು ಗಳಿಕೆಯ ಲೆಕ್ಕದಲ್ಲಿ. ಪರಿಹಾರ ನಿರ್ಧರಿಸುವಾಗ ನೋಡಬೇಕಾದ ಅಂಶಗಳನ್ನು ಅದೇ ಕಾಯ್ದೆಯ 28ನೇ ಕಲಂ ಹೇಳುತ್ತದೆ. ವ್ಯವಹಾರದ ಜಾಗ ಬದಲಿಸಬೇಕಾಗಿ ಬಂದರೆ ಅದರ ಸಮಂಜಸ ಖರ್ಚು ಅದರಲ್ಲಿ ಸೇರಿದೆ. ಲಾಭದ ಕುಸಿತವೂ ಸೇರಿದೆ, ಆದರೆ ಅಂತಿಮ ಘೋಷಣೆಯ ದಿನದಿಂದ ಸ್ವಾಧೀನಕ್ಕೆ ತೆಗೆದುಕೊಳ್ಳುವ ದಿನದವರೆಗಿನದು ಮಾತ್ರ. ಇದು 1894ರ ಕಾಯ್ದೆಯಿಂದ ಹಾಗೆಯೇ ನಡೆದುಬಂದ ಚೌಕಟ್ಟು. ಕಾರ್ಖಾನೆಯ ಕಷ್ಟ ಈ ಚೌಕಟ್ಟಿನ ಆಚೆಗಿದೆ. ಪ್ರಾಥಮಿಕ ಅಧಿಸೂಚನೆಯ ಸುದ್ದಿ ಹಬ್ಬಿದ ದಿನವೇ ಬ್ಯಾಂಕು ಹೊಸ ಸಾಲಕ್ಕೆ ಹಿಂಜರಿಯುತ್ತದೆ, ಗಿರಾಕಿ ದೀರ್ಘಾವಧಿಯ ಆರ್ಡರನ್ನು ಬೇರೆಯವರಿಗೆ ಕೊಡುತ್ತಾನೆ, ನುರಿತ ಫಿಟ್ಟರು ಇನ್ನೊಂದು ಕೆಲಸ ಹುಡುಕಿಕೊಳ್ಳುತ್ತಾನೆ. ಇತ್ತ, ಜಾಗ ಬಿಟ್ಟುಕೊಟ್ಟ ಮೇಲೆ ಹೊಸ ಜಾಗ ಹುಡುಕಿ, ವಿದ್ಯುತ್ ಸಂಪರ್ಕ ಪಡೆದು, ಪರವಾನಗಿಗಳನ್ನು ಮತ್ತೆ ಪಡೆದು, ಮೊದಲ ಸರಕು ಹೊರಹೋಗುವವರೆಗೆ ತಿಂಗಳುಗಳು. ಮೊದಲಿನದಕ್ಕೂ ಬಿಡಿಗಾಸಿಲ್ಲ, ಕೊನೆಯದಕ್ಕೂ ಇಲ್ಲ.

ಹಾಂಕಾಂಗಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಜಂಕ್ ಬೇ ಎಂಬಲ್ಲಿ ಶುನ್ ಫುಂಗ್ ಎಂಬ ಉಕ್ಕಿನ ಕಾರ್ಖಾನೆ. ಅಲ್ಲಿ ಹೊಸ ಪಟ್ಟಣ ಬರುತ್ತದೆ, ಕಾರ್ಖಾನೆಯ ನೆಲ ಸರ್ಕಾರಕ್ಕೆ ಹೋಗುತ್ತದೆ ಎಂಬುದು 1981ರಲ್ಲೇ ತಿಳಿಯಿತು. ನೆಲ ಕೈಬಿಟ್ಟದ್ದು 1986ರಲ್ಲಿ. ನಡುವಿನ ವರ್ಷಗಳಲ್ಲಿ ಕಾರ್ಖಾನೆ ಹೊಸದಾಗಿ ಬಂಡವಾಳ ಹೂಡುವಂತಿಲ್ಲ, ದೀರ್ಘ ಒಪ್ಪಂದ ಮಾಡಿಕೊಳ್ಳುವಂತಿಲ್ಲ; ಹಾಗೆಯೇ ಬಾಡುತ್ತ ಹೋಯಿತು. 1995ರಲ್ಲಿ ಪ್ರಿವಿ ಕೌನ್ಸಿಲ್ ಆ ನೆರಳಿನ ಕಾಲದ ನಷ್ಟಕ್ಕೂ ಪರಿಹಾರ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಕೇಳಿದ್ದನ್ನೆಲ್ಲ ಕೊಡಿ ಎಂದಲ್ಲ. ಸ್ವಾಧೀನಕ್ಕೂ ನಷ್ಟಕ್ಕೂ ಕಾರಣದ ಕೊಂಡಿ ಇರಬೇಕು, ನಷ್ಟ ತೀರ ದೂರದ್ದಾಗಿರಬಾರದು, ಮಾಲೀಕ ವಿವೇಕದಿಂದ ನಡೆದುಕೊಂಡಿರಬೇಕು. ಈ ಮೂರು ಕಟ್ಟುಪಾಡುಗಳಿದ್ದರೆ ಖಜಾನೆ ದಿವಾಳಿಯಾಗುವ ಭಯ ಬೇಕಿಲ್ಲ.

ನಮ್ಮಲ್ಲಿ ಇದಕ್ಕೆ ಜಾಗ ಇಲ್ಲವೇ? ಇದೆ. 2013ರಲ್ಲಿ 28ನೇ ಕಲಮಿಗೆ ಏಳನೆಯದಾಗಿ ಒಂದು ಅಂಶ ಸೇರಿತು. ಧರ್ಮ, ನ್ಯಾಯ, ಬಾಧಿತ ಕುಟುಂಬಗಳ ಹಿತ, ಇವುಗಳ ದೃಷ್ಟಿಯಿಂದ ಉಚಿತವೆನಿಸುವ ಬೇರೆ ಯಾವುದೇ ಕಾರಣವನ್ನು ಪರಿಗಣಿಸಬಹುದು. 1894ರ ಕಾಯ್ದೆಯಲ್ಲಿ ಇದು ಇರಲಿಲ್ಲ. ಯಂತ್ರ ನಿಂತ ತಿಂಗಳುಗಳ ನಷ್ಟಕ್ಕೆ, ಕೈತಪ್ಪಿದ ಆರ್ಡರಿಗೆ ಈ ಏಳನೆಯ ಅಂಶವೇ ಆಸರೆಯಾಗಬೇಕು. ಐತೀರ್ಪಿನಲ್ಲಿ ಈ ಅಂಶದಡಿ ಒಂದು ಸಾಲಾದರೂ ಬರೆಯಿರಿ ಎಂದು ನಾನು ಭೂಸ್ವಾಧೀನಾಧಿಕಾರಿಗಳನ್ನು ಕೈಮುಗಿದು ಕೇಳುತ್ತೇನೆ. ನಿರಾಕರಿಸುವುದಾದರೆ ಕಾರಣ ಕೊಟ್ಟು ನಿರಾಕರಿಸಿ. ಮೌನಕ್ಕೆ ಮೇಲ್ಮನವಿ ಹಾಕುವುದು ಕಷ್ಟ.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಬಹುಪಾಲು ಕೈಗಾರಿಕಾ ಸ್ವಾಧೀನ ನಡೆಯುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಬೆಂಗಳೂರಿನ ಮೆಟ್ರೋಗೆ ಜಮೀನು ಪಡೆದದ್ದೂ ಅದರಡಿಯ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮೂಲಕವೇ. ಈ ರಾಜ್ಯ ಕಾಯ್ದೆಯ 28(1)ರ ಪ್ರಾಥಮಿಕ ಅಧಿಸೂಚನೆ, 28(4)ರ ಅಂತಿಮ ಅಧಿಸೂಚನೆ ಎಂಬ ಮಾತುಗಳು ಆನೇಕಲ್ಲಿನಿಂದ ಧಾರವಾಡದವರೆಗೆ ಭೂಮಿ ಕಳೆದುಕೊಂಡವರ ಬಾಯಲ್ಲಿವೆ. ಅದೇ ಕಾಯ್ದೆಯ 29ನೇ ಕಲಂ ಮೊದಲು ಒಪ್ಪಂದಕ್ಕೆ ಅವಕಾಶ ಕೊಡುತ್ತದೆ. ಒಪ್ಪಂದ ಕೂಡಿಬರದಿದ್ದರೆ ಐತೀರ್ಪು, ಅದಕ್ಕೆ 30ನೇ ಕಲಂ 1894ರ ಕಾಯ್ದೆಯತ್ತ ಕೈ ತೋರಿಸುತ್ತದೆ. ಕೇಂದ್ರ ಆ ಕಾಯ್ದೆಯನ್ನೇ ರದ್ದು ಮಾಡಿ ಹನ್ನೆರಡು ವರ್ಷ ದಾಟಿತು. 2013ರ ಕಾಯ್ದೆಯಲ್ಲಿರುವ, ಸ್ವಾಧೀನ ಬಿದ್ದುಹೋಗುವ 24ನೇ ಕಲಮಿನ ನಿಯಮ ಕೆಐಎಡಿಬಿ ಸ್ವಾಧೀನಕ್ಕೆ ಅನ್ವಯಿಸದು ಎಂದು 2017ರಲ್ಲಿ ಅನಸೂಯಾಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪರಿಹಾರದ ಮಟ್ಟಿಗಾದರೂ ರಾಜ್ಯದ ಕಾಯ್ದೆಯನ್ನು 2013ರ ಕಾಯ್ದೆಗೆ ಸರಿಸಮ ಮಾಡಿ ತಿದ್ದುವುದು ವಿಧಾನಮಂಡಲದ ಕೆಲಸ. ಹೆದ್ದಾರಿಗೆ ಹೋದ ನೆಲಕ್ಕೊಂದು ನ್ಯಾಯ, ಮೆಟ್ರೋಗೆ ಹೋದ ನೆಲಕ್ಕೊಂದು ನ್ಯಾಯ ಇರಬಾರದು. ಹೆದ್ದಾರಿ ಸ್ವಾಧೀನದಲ್ಲಿ ಸೊಲೇಷಿಯಂ ನಿರಾಕರಿಸಿದ್ದು ಸಮಾನತೆಗೆ ವಿರುದ್ಧ ಎಂದು 2019ರ ತರ್ಸೇಮ್ ಸಿಂಗ್ ತೀರ್ಪು ಹೇಳಿದ ಮೇಲಂತೂ ಇದರಲ್ಲಿ ಅನುಮಾನ ಉಳಿಯಬಾರದಿತ್ತು.

ಮಂಡಳಿಯಿಂದ ಲೀಸ್-ಕಮ್-ಸೇಲ್ ಪದ್ಧತಿಯಲ್ಲಿ ನಿವೇಶನ ಪಡೆದವರ ನೆಲವೇ ಸ್ವಾಧೀನವಾದರೆ? ಕಾಗದದಲ್ಲಿ ಒಡೆತನ ಇನ್ನೂ ಮಂಡಳಿಯದು, ಹಣ ಕಟ್ಟಿ ಶೆಡ್ಡು ಎಬ್ಬಿಸಿದವರು ಗುತ್ತಿಗೆದಾರರು. ದೆಹಲಿಯ ಇಂದರ್ ಪರ್ಶಾದ್ ಪ್ರಕರಣದಲ್ಲಿ, 1994ರಲ್ಲಿ, ಸರ್ಕಾರದ ಗುತ್ತಿಗೆಯ ನೆಲವನ್ನು ಸರ್ಕಾರವೇ ಪಡೆದಾಗ ಗುತ್ತಿಗೆದಾರರಿಗೆ ಶೇಕಡ 75, ಸರ್ಕಾರಕ್ಕೆ ಶೇಕಡ 25 ಎಂದು ಹಂಚಿದರು. ಇದನ್ನೇ ಎಲ್ಲ ಕಡೆ ಕುರುಡಾಗಿ ಹಚ್ಚಬೇಕಿಲ್ಲ, ಆದರೆ ಗುತ್ತಿಗೆ ಎಂಬ ನೆಪ ಒಡ್ಡಿ ಬರಿಗೈಲಿ ಕಳಿಸುವಂತಿಲ್ಲ.

ಶೆಡ್ಡನ್ನು ಬಾಡಿಗೆಗೆ ಪಡೆದವರ ಸ್ಥಿತಿ ಇನ್ನೂ ಕಷ್ಟದ್ದು. ನೆಲದ ಹಣ ಶೆಡ್ಡಿನ ಒಡೆಯರಿಗೆ ಹೋಗುತ್ತದೆ. 2013ರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ, ಸ್ಥಳಾಂತರಗೊಂಡ ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು, ಕೈಗಾರಿಕಾ ಕಟ್ಟಡವಿದ್ದವರು ಇವರಿಗೆಲ್ಲ ಒಮ್ಮೆಗೆ ಕೊಡುವ ನೆರವು ಕನಿಷ್ಠ 25,000 ರೂಪಾಯಿ ಎಂದಿದೆ. ಒಂದು ಸಾಧಾರಣ ಪ್ರೆಸ್ಸನ್ನು ಕ್ರೇನಿನಿಂದ ಎತ್ತಿ ಟ್ರೇಲರಿಗೆ ಹಾಕಿಸುವಷ್ಟರಲ್ಲಿ ಆ ಹಣ ಮುಗಿಯುತ್ತದೆ. ಕನಿಷ್ಠ ಎಂದು ಕಾಯ್ದೆ ಹೇಳಿದ್ದನ್ನು ರಾಜ್ಯ ಏರಿಸಬಹುದು. ಸ್ವಾಧೀನಕ್ಕೆ ಮೂರು ವರ್ಷ ಮೊದಲಿನಿಂದ ಆ ಜಾಗದಲ್ಲಿ ದುಡಿದು ಬದುಕುತ್ತಿದ್ದವರ ಕುಟುಂಬವೂ ಬಾಧಿತ ಕುಟುಂಬವೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಆ ವ್ಯಾಖ್ಯೆಯನ್ನು ಓದಿ ಹೇಳುವವರು ಯಾರಾದರೂ ಕಾರ್ಖಾನೆಯ ಕೆಲಸಗಾರರ ಬಳಿಗೆ ಹೋಗಿದ್ದಾರೆಯೇ?

ಎಲ್ಲಕ್ಕಿಂತ ಕ್ರೂರವಾದದ್ದು ವಿಳಂಬ. ಯಾವ ದಿನದ ಬೆಲೆ ಎಂಬುದು ಎಷ್ಟು ಬೆಲೆ ಎಂಬುದರಷ್ಟೇ ಮುಖ್ಯ. ಪಶ್ಚಿಮ ಬಂಗಾಳದ 1948ರ ಒಂದು ಕಾಯ್ದೆ, ಜಮೀನನ್ನು ಯಾವಾಗ ಪಡೆದರೂ 1946ರ ಡಿಸೆಂಬರ್ 31ರ ಬೆಲೆಗಿಂತ ಹೆಚ್ಚು ಕೊಡುವಂತಿಲ್ಲ ಎಂದಿತ್ತು. ಬೇಲಾ ಬ್ಯಾನರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಗಂಟನ್ನು ಕತ್ತರಿಸಿತು. ಕಾಯ್ದೆಯಿಂದ ಮಾಡಲಾಗದ್ದನ್ನು ಆಮೇಲೆ ಆಡಳಿತ ನಿಧಾನದಿಂದ ಮಾಡಿತು. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗಾಗಿ 2003ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿ, 2005ರಲ್ಲಿ ಜಮೀನನ್ನು ವಶಕ್ಕೆ ಪಡೆದು, ಐತೀರ್ಪು ಕೊಟ್ಟದ್ದು 2019ರ ಏಪ್ರಿಲ್ 22ರಂದು. ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಮೇಲೆ. ಅದರಲ್ಲೂ ಬಳಸಿದ್ದು 2011ರ ಮಾರ್ಗಸೂಚಿ ದರ. ವಾಜ್ ಪ್ರಕರಣ ಎನಿಸಿಕೊಂಡ ಆ ಮೊಕದ್ದಮೆಯಲ್ಲಿ 2025ರ ಜನವರಿ 2ರಂದು ನ್ಯಾಯಮೂರ್ತಿ ಗವಾಯಿ ಮತ್ತು ವಿಶ್ವನಾಥನ್ ಅವರ ಪೀಠ, ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಐತೀರ್ಪಿನ ದಿನದ ಬೆಲೆಯನ್ನೇ ಕೊಡಿ ಎಂದು ಆದೇಶಿಸಿತು. ನಿಂತ ಹಣ ಸವೆಯುತ್ತದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆ ಜಮೀನುಗಳು ಕಾರ್ಖಾನೆಯವಲ್ಲ, ಮನೆ ನಿವೇಶನಗಳು. ಆದರೆ ತತ್ತ್ವ ಕಾರ್ಖಾನೆಗೆ ಇನ್ನೂ ಬಲವಾಗಿ ಒಪ್ಪುತ್ತದೆ, ಏಕೆಂದರೆ ಹಣ ಬಾರದ ವರ್ಷಗಳಲ್ಲಿ ಕಾರ್ಖಾನೆ ಇನ್ನೆಲ್ಲೂ ಎದ್ದು ನಿಲ್ಲಲಾರದು.

ಕೈಗಾರಿಕೆಯವರಿಗೂ ರೈತರಿಗೂ ಒಂದೇ ನ್ಯಾಯವೇ ಎಂಬ ಪ್ರಶ್ನೆಯನ್ನು ಪಶ್ಚಿಮ ಬಂಗಾಳದ ಸಿಂಗೂರು ಮುಂದಿಟ್ಟಿದೆ. ಅಲ್ಲಿ ಟಾಟಾ ಕಾರು ಕಾರ್ಖಾನೆಗೆಂದು 2006ರಲ್ಲಿ ಪಡೆದ ಸುಮಾರು 997 ಎಕರೆಯ ಸ್ವಾಧೀನವನ್ನು 2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಪೀಠದಲ್ಲಿದ್ದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರು ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ. ರೈತರಿಗೆ ಜಮೀನು ಮರಳಿತು, ಪಡೆದ ಪರಿಹಾರವನ್ನು ಹಿಂತಿರುಗಿಸಬೇಕಿಲ್ಲ ಎಂದೂ ಆಯಿತು. ಆ ಎಕರೆಗಳ ನಡುವೆ, ಮೊದಲಿನಿಂದ ಅಲ್ಲೇ ಇದ್ದ ಒಂದು ಸಿರಾಮಿಕ್ ಕಾರ್ಖಾನೆಯ ನೆಲವೂ ಸೇರಿತ್ತು. ನಮಗೂ ಮರಳಿಸಿ ಎಂದು ಆ ಕಂಪನಿ ಕೇಳಿತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹಿಂದಿನ ತೀರ್ಪಿನ ವಿಶೇಷ ನೆರವು ನ್ಯಾಯಾಲಯದ ಮೆಟ್ಟಿಲು ಹತ್ತಲಾಗದ ದುರ್ಬಲರಿಗೆ. ಆಗ ಪ್ರಶ್ನಿಸದೆ ಕೋಟಿಗಟ್ಟಲೆ ಪರಿಹಾರ ಪಡೆದ ಕಂಪನಿ ಈಗ ಅದರ ಬೆನ್ನು ಹತ್ತುವಂತಿಲ್ಲ. ಈ ನಡುವೆ 2023ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿಯೊಂದು, ಹೂಡಿದ ಬಂಡವಾಳದ ನಷ್ಟಕ್ಕಾಗಿ ಟಾಟಾ ಮೋಟಾರ್ಸ್‌ಗೆ 765.78 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಬೇಕೆಂದು ಆ ರಾಜ್ಯದ ಕೈಗಾರಿಕಾ ನಿಗಮಕ್ಕೆ ಹೇಳಿತು.

ಕಂಪನಿಯ ವಿಷಯದಲ್ಲಿ ನ್ಯಾಯಾಲಯ ಎಳೆದ ಗೆರೆ ನನಗೆ ಸರಿಯೆನಿಸುತ್ತದೆ. ಆದರೆ ಗೆರೆಯ ಎರಡು ಬದಿಯನ್ನು ನೋಡಿ. ಒಂದು ಕಡೆ ಒಪ್ಪಂದವನ್ನೂ ವಕೀಲರನ್ನೂ ಇಟ್ಟುಕೊಂಡ ದೊಡ್ಡ ಉದ್ಯಮ. ಹೂಡಿದ್ದನ್ನು ಲೆಕ್ಕ ಹಾಕಿ ವಸೂಲು ಮಾಡುವ ಶಕ್ತಿ ಅದಕ್ಕಿದೆ. ಇನ್ನೊಂದು ಕಡೆ ರೈತರು. ಅವರ ಬೆನ್ನಿಗೆ ಚಳವಳಿಯೂ ಸಮಾಜದ ಸಹಾನುಭೂತಿಯೂ ನಿಂತಿವೆ, ನಿಲ್ಲಲೇಬೇಕು. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ನಾಲ್ಕು ಯಂತ್ರ ಇಟ್ಟುಕೊಂಡವರು ಎಲ್ಲಿ ನಿಲ್ಲಬೇಕು? ಕೈಗಾರಿಕೋದ್ಯಮಿ ಎಂಬ ಹೆಸರಿಗೆ ಟಾಟಾ ಜೊತೆ ಸೇರಿಸಿಬಿಡುತ್ತೇವೆ. ಅವರ ಬದುಕಿನ ಅಭದ್ರತೆ ರೈತನಿಗೆ ಹತ್ತಿರವಾದದ್ದು. ಪರಿಹಾರದ ಕಾನೂನು ಅವರನ್ನು ಅವರ ಅಳತೆಯಲ್ಲೇ ನೋಡಬೇಕು.

ಇಲ್ಲಿ ಕೂತಿರುವ ಘಟಕ ಮಾಲೀಕರಿಗೆ ವಕೀಲನಾಗಿ ಒಂದಿಷ್ಟು ಹೇಳಿ ಮುಗಿಸುತ್ತೇನೆ. ನೋಟಿಸು ಬಂದರೆ ಆಕ್ಷೇಪಣೆ ಸಲ್ಲಿಸುವ ಅವಧಿಯನ್ನು ಬಿಡಬೇಡಿ. 2013ರ ಕಾಯ್ದೆಯಡಿಯಾದರೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ. ಭಾಗಶಃ ಸ್ವಾಧೀನವಾದರೆ 94ನೇ ಕಲಮನ್ನು ಹೆಸರಿಸಿ, ಪೂರ್ತಿ ತೆಗೆದುಕೊಳ್ಳಿ ಎಂದು ಐತೀರ್ಪಿಗೆ ಮೊದಲೇ ಲಿಖಿತವಾಗಿ ಕೇಳಿ. ಜಂಟಿ ಅಳತೆಯ ದಿನ ಘಟಕದ ನಕ್ಷೆ, ಯಂತ್ರಗಳ ಬಿಲ್ಲು, ತಳಪಾಯದ ಫೋಟೋ ಮುಂದಿಟ್ಟು, ಮಹಜರಿನಲ್ಲಿ ಅವು ಬರದಿದ್ದರೆ ಸಹಿಯ ಕೆಳಗೆ ಹಾಗೆಂದು ಬರೆಯಿರಿ. ಮೂರು ವರ್ಷದ ಜಿಎಸ್‌ಟಿ ರಿಟರ್ನು, ವಿದ್ಯುತ್ ಬಿಲ್ಲು, ಆರ್ಡರ್ ಪುಸ್ತಕ, ಭವಿಷ್ಯನಿಧಿ ಕಟ್ಟಿದ ದಾಖಲೆ, ಇವು ನಿಮ್ಮ ಗಳಿಕೆಗೂ ನಿಮ್ಮ ಕೆಲಸಗಾರರ ಹಕ್ಕಿಗೂ ಸಾಕ್ಷಿ. ಚೆಕ್ಕು ತೆಗೆದುಕೊಳ್ಳುವಾಗ ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ ಎಂದು ಬರೆದೇ ತೆಗೆದುಕೊಳ್ಳಿ. ಹಾಗೆ ಬರೆಯದವರಿಗೆ ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕುವ ಹಕ್ಕು ಉಳಿಯುವುದಿಲ್ಲ. ಐತೀರ್ಪು ಓದಿ ಹೇಳುವಾಗ ನೀವು ಹಾಜರಿದ್ದರೆ ಅಂದಿನಿಂದ ಆರು ವಾರದೊಳಗೆ 64ನೇ ಕಲಮಿನ ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಇರಬೇಕು, ಸ್ವೀಕೃತಿಯ ಮುದ್ರೆ ನಿಮ್ಮ ಪ್ರತಿಯ ಮೇಲೆ ಇರಬೇಕು.